ಅಕ್ಷರ ಮಾತ್ರ ನೋಡಿದೆ

ಆ ಕಂಪ್ಯೂಟರ್ ಬೂದು ಬಣ್ಣದ್ದೆಂದು ನನ್ನ ನೆನಪು. ಕೆನೆ ಬಣ್ಣದ್ದು, ಒರೆಸಿ ಒರೆಸಿ ನನಗೇ ಸಾಕಾಗಿತ್ತು ಎನ್ನುತ್ತಾಳೆ ಅಮ್ಮ. ಅಷ್ಟು ದೊಡ್ಡ ವಸ್ತುವಿನ ಬಣ್ಣವೇ ಕೈಕೊಡುವುದಾದರೆ ಅದರ ಮುಂದೆ ಕೂತು ಆಡಿದ ಮಾತುಗಳ ಗತಿಯೇನು? ಆದರೂ ಮಾತುಗಳನ್ನೇ ಬರೆಯುತ್ತಿದ್ದೇನೆ. ಕೆಲವು ಆಗ ಆಡಿದವು, ಕೆಲವು ನಾನು ಆಮೇಲೆ ತುಂಬಿಕೊಂಡವು. ಯಾವುದು ಯಾವುದೆಂದು ಬೇರ್ಪಡಿಸಲು ನನಗೆ ಆಗುವುದಿಲ್ಲ.

ಅಮ್ಮನ ತಂಗಿ, ನನ್ನ ಚಿಕ್ಕಮ್ಮ, ಟೆಲಿಫೋನ್ ಎಕ್ಸ್‌ಚೇಂಜಿನಲ್ಲಿ ಆಪರೇಟರ್ ಆಗಿದ್ದವಳು. ಜನ ಟ್ರಂಕ್ ಕಾಲ್ ಬುಕ್ ಮಾಡಿ ಮಧ್ಯಾಹ್ನವಿಡೀ ಕಾಯುತ್ತಿದ್ದ ಕಾಲದಲ್ಲಿ ಕಿವಿಗೆ ಹೆಡ್‌ಫೋನ್ ಏರಿಸಿಕೊಂಡು ಈ ಊರಿನವರನ್ನು ಆ ಊರಿನವರಿಗೆ ಜೋಡಿಸುವುದು, ಮೂರು ನಿಮಿಷ ಆದ ಕೂಡಲೇ ಎಚ್ಚರಿಸುವುದು ಅವಳ ಕೆಲಸ. ಬೀದಿಬೀದಿಗೆ ಎಸ್.ಟಿ.ಡಿ. ಬೂತ್ ಬಂದು, ತೊಂಬತ್ತರ ದಶಕದಲ್ಲಿ ಅವಳು ಕರೆ ಜೋಡಿಸುತ್ತಿದ್ದ ಬೋರ್ಡು ಮುಚ್ಚಿತು. ಕೆಲವು ವರ್ಷ ದೂರು ವಿಭಾಗದಲ್ಲಿ ಕೂತು, ಅವಧಿಗೆ ಮುಂಚೆಯೇ ನಿವೃತ್ತಿ ಪಡೆದು ಹನುಮಂತನಗರದ ಮನೆ ಸೇರಿದಳು. ಅಷ್ಟು ವರ್ಷ ಕಿವಿಗೆ ಬಿದ್ದದ್ದನ್ನು ಒಂದು ದಿನವೂ ಬಾಯಿಬಿಟ್ಟವಳಲ್ಲ. ಮದುವೆಮನೆಗಳಲ್ಲಿ ನಾವು ಹುಡುಗಿಯರು ಸುತ್ತುವರಿದು ಪೀಡಿಸುತ್ತಿದ್ದೆವು.

“ಲೈನ್ ಕೊಟ್ಟೆ, ಲೈನ್ ತೆಗೆದೆ. ಅಷ್ಟೇ ಕಣ್ರೇ ನನ್ನ ಕಥೆ,” ಎನ್ನುತ್ತಿದ್ದಳು.

ಎರಡು ಸಾವಿರದ ಆಚೆಗಿನ ಯಾವುದೋ ವರ್ಷ, ಬೇಸಿಗೆಯಿರಬೇಕು, ಜಯನಗರದ ನಮ್ಮ ಮನೆಗೆ ಬಂದವಳು ನನ್ನ ಕೋಣೆಯ ಬಾಗಿಲಲ್ಲಿ ನಿಂತಳು. ಭಾನುವಾರದ ಪುರವಣಿಯಲ್ಲಿ ಏನೋ ಓದಿಕೊಂಡಿದ್ದಳು.

“ಬ್ಲಾಗು ಅಂತಾರಲ್ಲ, ಇಂಟರ್‌ನೆಟ್ಟಲ್ಲಿ ಬರೆದು ಹಾಕ್ತಾರಲ್ಲ. ಅದು ನಿನ್ನ ಕಂಪ್ಯೂಟರಲ್ಲಿ ಬರುತ್ತೇನೇ?”

“ಬರುತ್ತೆ. ಯಾರಿಗೆ ಬೇಕು?”

“ಯಾರೋ ಗೊತ್ತಿರೋರಿಗೆ.”

“ಇನ್ಯಾರಿಗೆ, ಇವಳಿಗೇ,” ಎಂದಳು ಅಮ್ಮ ಅಡುಗೆಮನೆಯಿಂದ. “ಕಾಗದದ ಮೇಲೆ ಬರಿ ಅಂದ್ರೆ ಬೇಡ ಅಂತಾಳೆ.”

“ಕಾಗದದಲ್ಲಿ ಬರೆದ್ರೆ ನಮ್ಮ ಯಜಮಾನ್ರು ಓದ್ತಾರೆ. ಓದಿ ಅದರಲ್ಲೇ ಕಡ್ಲೆಕಾಯಿ ಸಿಪ್ಪೆ ಸುತ್ತಿ ಬಿಸಾಕ್ತಾರೆ.” ಅಮ್ಮನ ಕಡೆ ಹೀಗೆ ಹೇಳಿ, ನನ್ನ ಕಡೆ ತಿರುಗಿ ದನಿ ತಗ್ಗಿಸಿದಳು. “ಬರೆದು ಇಟ್ಕೋತೀನಿ ಅಷ್ಟೆ. ನಾನು ಹೇಳೋವರೆಗೂ ಯಾರೂ ಓದಬಾರದು. ಆಮೇಲೆ ಹೆಸರು, ಊರು ಎಲ್ಲ ಬದಲಾಯಿಸಿ, ಹಾಕೋಣ ಅನ್ನಿಸಿದ್ರೆ ಹಾಕೋಣ. ಹೊಟ್ಟೇಲಿ ಇಟ್ಕೊಂಡು ಸಾಕಾಗಿದೆ ಕಣೇ.”

ಕೊನೆಯ ಮಾತನ್ನು ಆಗ ನಾನು ಸರಿಯಾಗಿ ಕೇಳಿಸಿಕೊಳ್ಳಲಿಲ್ಲ. ಯಾರೂ ಓದಬಾರದು ಎನ್ನುವುದಷ್ಟೇ ನನ್ನ ತಲೆ ಹೊಕ್ಕಿತು. ನನಗೆ ಅದು ಸವಾಲು. ಪುಕ್ಕಟೆ ಬ್ಲಾಗು ಕೊಡುವ ಜಾಲತಾಣಗಳಿದ್ದವು. ಆದರೆ ಅಲ್ಲಿ ಬರೆದದ್ದು ಯಾವ ದೇಶದ ಯಾವ ಯಂತ್ರದಲ್ಲಿ ಕೂರುತ್ತದೋ ಯಾರಿಗೆ ಗೊತ್ತು? ನನ್ನ ಯಂತ್ರ ಲಿನಕ್ಸ್ ಎಂಬ ಪುಕ್ಕಟೆ ಕಾರ್ಯವ್ಯವಸ್ಥೆಯ ಮೇಲೆ ನಡೆಯುತ್ತಿತ್ತು. ಬ್ಲಾಗಿನ ತಂತ್ರಾಂಶವನ್ನು ಅದರೊಳಗೇ ಸ್ಥಾಪಿಸಿದರೆ ಎಲ್ಲವೂ ಮನೆಯೊಳಗೇ ಇರುತ್ತದೆ. ಮುಂದೆ ಬೇಕೆನಿಸಿದರೆ ಹೊರಗೆ ಕಳಿಸಬಹುದು. ನಾನು ಆಗ ವಾಕ್ಯಗಳನ್ನು ಹಿಂದುಮುಂದಾಗಿಸಿ ಕಥೆ ಬರೆಯುತ್ತಿದ್ದೆ. ಅವನ್ನು ಓದುವವರು ಇದ್ದದ್ದೇ ಕಡಿಮೆ. ಓದುಗರೇ ಬೇಡವೆನ್ನುವ ಲೇಖಕಿ ಸಿಕ್ಕಳೆಂದು ಖುಷಿಯಾಗಿರಬೇಕು.

ಅಂಥ ತಂತ್ರಾಂಶ ಹುಡುಕಲು ಹೋದರೆ ಒಂದಲ್ಲ, ಹತ್ತಾರು. ಒಂದು ನೋಡಲು ಚೆಂದ, ಕನ್ನಡ ಹಿಡಿಸದು. ಇನ್ನೊಂದು ಬಹಳ ಕಾಲದಿಂದ ಯಾರ ದುರಸ್ತಿಯನ್ನೂ ಕಾಣದ್ದು. ಆಫೀಸಿನಲ್ಲಿ ನನ್ನ ಪಕ್ಕದ ಮೇಜಿನ ಗೆಳೆಯ ಹಾವೇರಿ ಕಡೆಯವನು, ಬಿ.ಟಿ.ಎಂ. ಬಡಾವಣೆಯಲ್ಲಿ ಬಾಡಿಗೆಗಿದ್ದವನು. ಲಿನಕ್ಸ್ ಹುಚ್ಚು ಹತ್ತಿಸಿದ್ದು ಅವನೇ. ನನ್ನ ಪರದಾಟ ನೋಡಿ ನಕ್ಕ.

“ಏನ್ರೀ, ಸಂತ್ಯಾಗ ಬದನಿಕಾಯಿ ಆರಿಸಿದಂಗ ಆರಸಾಕತ್ತೀರಿ!”

“ಹುಳುಕು ಇರಬಾರದಲ್ಲ.”

“ಹಂಗಾದ್ರ ಕೇಳ್ರಿ. ಯಾರರ ಸಿ.ಡಿ. ಕೊಟ್ರ ಇಸ್ಕೋಬ್ಯಾಡ್ರಿ. ನಾ ಕೊಟ್ರೂ ಇಸ್ಕೋಬ್ಯಾಡ್ರಿ. ಮಾಡಿದವರ ಮನಿಯಿಂದನ ಇಳಿಸ್ಕೋರಿ. ಇಳಿಸಿದ ಮ್ಯಾಲೆ ಮೊಹರು ತಾಳಿ ನೋಡ್ರಿ.”

ಮೊಹರು ಎಂದರೆ ತಂತ್ರಾಂಶ ಮಾಡಿದವರು ತಮ್ಮ ಪುಟದಲ್ಲಿ ಪ್ರಕಟಿಸುವ ಒಂದು ಉದ್ದನೆಯ ಅಂಕಿ-ಅಕ್ಷರಗಳ ಸಾಲು. ನಾವು ಇಳಿಸಿಕೊಂಡ ಕಡತದಿಂದ ನಮ್ಮ ಯಂತ್ರವೂ ಅಂಥದೇ ಸಾಲೊಂದನ್ನು ಲೆಕ್ಕ ಹಾಕಿ ಕೊಡುತ್ತದೆ. ಎರಡೂ ಒಂದೇ ಆದರೆ ನಡುದಾರಿಯಲ್ಲಿ ಯಾರೂ ಕೈಯಾಡಿಸಿಲ್ಲ ಎಂದರ್ಥ. ಯಂತ್ರವೇ ಹೋಲಿಸಿ ಹೇಳಬಲ್ಲದು. ಆದರೆ ಆ ದಿನ ಪಕ್ಕದಲ್ಲಿ ಚಿಕ್ಕಮ್ಮ ಇದ್ದಳು. ಕನ್ನಡಕ ಏರಿಸಿ ಪರದೆಗೆ ಬಾಗಿದಳು.

“ನೀನು ಓದು. ನಾನು ಇದನ್ನ ನೋಡ್ಕೋತೀನಿ. ಮೆಲ್ಲಗೆ.”

ನಾನು ಓದುತ್ತಾ ಹೋದೆ. ನಡುವೆ ಅವಸರ ಮಾಡಿದ್ದಕ್ಕೆ “ರಿಪೀಟ್” ಎಂದಳು. ಆ ದನಿ ಅವಳದೇ ಅಲ್ಲವೆನಿಸಿತು. ಮನೆಯಲ್ಲಿ ಅಷ್ಟು ವರ್ಷ ಕೇಳಿರದ, ಸಪಾಟಾದ, ಸ್ಪಷ್ಟವಾದ ದನಿ. ಕೊನೆಯ ಅಂಕಿ ತಾಳೆಯಾದಾಗ ಬೆನ್ನು ನೆಟ್ಟಗೆ ಮಾಡಿ, “ಸರಿ ಇದೆ. ಕನೆಕ್ಟ್ ಮಾಡು,” ಎಂದಳು. ಇಬ್ಬರೂ ನಕ್ಕೆವು. ಈ ಇಡೀ ಪ್ರಸಂಗದಲ್ಲಿ ನನ್ನ ಮನಸ್ಸನ್ನು ಚುಚ್ಚದ ಗಳಿಗೆ ಇದೊಂದೇ.

ಮುಂದಿನದೆಲ್ಲ ತಂತ್ರಾಂಶದ ಕೈಪಿಡಿಯಲ್ಲಿ ಹೇಳಿದ ಹಾಗೆಯೇ ಮಾಡಿದೆ. ಬ್ಲಾಗಿನ ಬರಹ ಇಡಲು ಬೇರೆಯೇ ದತ್ತಾಂಶ ಖಾತೆ, ಅದಕ್ಕೆ ಎಷ್ಟು ಬೇಕೋ ಅಷ್ಟೇ ಅಧಿಕಾರ. ಸ್ಥಾಪನೆ ಮುಗಿದ ಕೂಡಲೇ ಸ್ಥಾಪಿಸುವ ಕಡತವನ್ನು ಅಳಿಸುವುದು. ಅದನ್ನು ಉಳಿಸಿದರೆ ಬೀಗ ಹಾಕಿ ಕೀಲಿಯನ್ನು ಅಲ್ಲೇ ಬಿಟ್ಟಂತೆ. ಹೊರಗಿನ ಜಾಲದಿಂದ ಯಾರೂ ಒಳಗೆ ಬಾರದಂತೆ ಗೋಡೆ. ಚಿಕ್ಕಮ್ಮ ತನ್ನ ಪಾಸ್‌ವರ್ಡ್ ಒತ್ತುವಾಗ ನಾನು ಕಿಟಕಿಯ ಕಡೆ ಮುಖ ತಿರುಗಿಸಿ ನಿಂತೆ, ಕೊಂಚ ನಾಟಕೀಯವಾಗಿಯೇ.

“ಇನ್ನು ನಿನ್ನ ಬಿಟ್ಟು ಯಾರೂ ಓದೋಕಾಗಲ್ಲ,” ಎಂದೆ.

ಹಾಗೆಂದಾಗ ಅದು ಸುಳ್ಳೆಂದು ನನಗೆ ಹೊಳೆದಿರಲಿಲ್ಲ. ಹೊಳೆದಿರಲಿಲ್ಲವೆಂದು ಈಗ ನಂಬುತ್ತೇನೆ. ಬೀಗ ಹಾಕಿದವಳಿಗೆ ಬೀಗ ಅನ್ವಯಿಸುವುದಿಲ್ಲ. ಅವಳ ಪಾಸ್‌ವರ್ಡ್ ನನಗೆ ಬೇಕೇ ಇರಲಿಲ್ಲ. ಅವಳು ಬರೆದದ್ದೆಲ್ಲ ಹೋಗಿ ಕೂರುತ್ತಿದ್ದ ದತ್ತಾಂಶದ ಕೋಷ್ಟಕಕ್ಕೆ ಯಜಮಾನಿ ನಾನು.

ಮಂಗಳವಾರ ಮಧ್ಯಾಹ್ನ ಚಿಕ್ಕಮ್ಮ ಬಸ್ಸಿನಲ್ಲಿ ಬರುತ್ತಿದ್ದಳು. ನಾನು ಆಫೀಸಿನಲ್ಲಿರುವ ಹೊತ್ತು. ಎರಡು ಬೆರಳಲ್ಲಿ ಕುಟ್ಟಿ ಕುಟ್ಟಿ ಬರೆದು, ಅಮ್ಮನ ಜೊತೆ ಕಾಫಿ ಕುಡಿದು ಹೋಗುತ್ತಿದ್ದಳು. ಮೊದಲ ಸಲವೇ ಫೋನ್ ಬಂತು: “ಬರೆದದ್ದೆಲ್ಲ ಪ್ರಶ್ನೆ ಚಿಹ್ನೆ ಆಗಿದೆ ಕಣೇ. ಒಂದು ಪುಟದ ತುಂಬ ಬರೀ ಪ್ರಶ್ನೆ. ಪರೀಕ್ಷೆ ಕೊಡ್ತಿದೆಯೇನೋ ನಂಗೆ.”

ದತ್ತಾಂಶ ಖಾತೆಗೆ ಕನ್ನಡ ಅಕ್ಷರಗಳನ್ನು ಹೇಗೆ ಇಟ್ಟುಕೊಳ್ಳಬೇಕೆಂದು ನಾನು ಹೇಳಿಕೊಟ್ಟಿರಲಿಲ್ಲ. ಆ ಸಂಜೆ ಸರಿಮಾಡಿದೆ. ಹಾಳಾದ ಪುಟ ಮರಳಿ ಬರಲಿಲ್ಲ; ಮುಂದಿನ ಮಂಗಳವಾರ ಮತ್ತೆ ಬರೆದಳು. ಅಕ್ಷರ ಸರಿಯಾಗಿ ಕೂತಿದೆಯೋ ಎಂದು ನೋಡಲು ಕೋಷ್ಟಕ ತೆರೆದೆ. ಕೂತಿತ್ತು. ಒತ್ತು, ಸುಳಿ, ದೀರ್ಘ ಎಲ್ಲ ಸರಿ. ಸರಿಯಿದೆ ಎಂದು ಗೊತ್ತಾಗಲು ಒಂದು ಸಾಲು ಸಾಕಿತ್ತು. ಎರಡನೆಯ ಸಾಲು ಓದಿದೆ. ಆಮೇಲೆ ಕುರ್ಚಿಯನ್ನು ಮುಂದಕ್ಕೆ ಎಳೆದುಕೊಂಡೆ.

ಒಂದು ಹುಡುಗಿ. ಒಂದು ಊರು. ಮೂರು ನಿಮಿಷದ ಕರೆ. ಇದಕ್ಕಿಂತ ಹೆಚ್ಚು ಇಲ್ಲಿ ಬರೆಯುವುದಿಲ್ಲ. ಈ ಬರಹದಲ್ಲೇ ಒಮ್ಮೆ ಬರೆದು ಅಳಿಸಿದೆ, ಊರಿನ ಹೆಸರು ಬದಲಾಯಿಸಿಯೂ ನೋಡಿದೆ. ಬದಲಾದ ಊರಿನಲ್ಲಿ ಕಥೆ ಇನ್ನೂ ಚೆನ್ನಾಗಿ ಕಂಡಾಗ ಹೆದರಿ ನಿಲ್ಲಿಸಿದೆ. ಚಿಕ್ಕಮ್ಮನ ವಾಕ್ಯಗಳಲ್ಲಿ ಒಂದೂ ಉಪಮೆಯಿರಲಿಲ್ಲ. ಆ ಕಡೆಯವರು ಏನೆಂದರು, ಈ ಕಡೆಯವಳು ಏನೆಂದಳು, ಎಲ್ಲಿ ಸುಮ್ಮನಾದರು. ನಾನು ವರ್ಷಗಟ್ಟಲೆ ತಿಣುಕಾಡುತ್ತಿದ್ದದ್ದು ಅಲ್ಲಿ ಸುಮ್ಮನೆ ಬಿದ್ದಿತ್ತು. ಅಸೂಯೆಯಾಯಿತು. ಪ್ರತಿ ಬುಧವಾರ ಬೆಳಿಗ್ಗೆ ಅಕ್ಷರ ನೋಡುವುದು ನನ್ನ ಅಭ್ಯಾಸವಾಯಿತು.

ಗೆಳೆಯ ಅಷ್ಟರಲ್ಲಿ ಎಚ್ಚರಿಸಿದ್ದ: “ಎಲ್ಲಾ ಬಂದೋಬಸ್ತ್ ಮಾಡೀರಿ. ಇನ್ನೊಂದು ಪ್ರತಿ ತಗದಿಟ್ಟೀರೇನು?”

ತೆಗೆದಿಟ್ಟಿರಲಿಲ್ಲ. ಅದನ್ನು ಅಮ್ಮನ ಮುಂದೆ ಹೇಳಿದ್ದು ತಪ್ಪಾಯಿತು. “ಹೊಸದೇನಿದ್ರೂ ವಿಜಯದಶಮಿಗೆ ಶುರು ಮಾಡು, ಇನ್ನೆಷ್ಟು ದಿನ ಇದೆ,” ಎಂದಳು. ರಾಹುಕಾಲವನ್ನು ಕಥೆಗಳಲ್ಲಿ ಗೇಲಿ ಮಾಡುತ್ತಿದ್ದ ನಾನು ಹ್ಞೂಂ ಎಂದೆ. ಸೋಮಾರಿತನಕ್ಕೆ ಮುಹೂರ್ತದಷ್ಟು ಒಳ್ಳೆಯ ನೆಪ ಸಿಗುವುದಿಲ್ಲ.

ಆಯುಧ ಪೂಜೆ ಬಂತು. ಅಮ್ಮ ಸ್ಕೂಟರು, ಹೊಲಿಗೆ ಯಂತ್ರ, ಈಳಿಗೆಮಣೆ ಎಲ್ಲಕ್ಕೂ ಕುಂಕುಮವಿಟ್ಟು ನನ್ನ ಕೋಣೆಗೂ ಬಂದಳು. ಪೂಜೆಯಾದ ಆಯುಧವನ್ನು ಮಾರನೆಯ ದಿನದವರೆಗೆ ಮುಟ್ಟುವಂತಿಲ್ಲ. ಅದಕ್ಕೂ ಒಂದು ದಿನ ವಿಶ್ರಾಂತಿ ಬೇಕು. ಯಂತ್ರ ಗುಂಯ್‌ಗುಡುತ್ತಿರುವುದು ಕಂಡು, ಪಾಪ ಇದಕ್ಕೊಂದಕ್ಕೆ ಯಾಕೆ ದುಡಿತವೆಂದು, ಒಳಗೆ ತೆರೆದಿದ್ದದ್ದನ್ನು ಮುಚ್ಚದೆಯೇ, ಗೋಡೆಯ ಸ್ವಿಚ್ ಆರಿಸಿದಳು. ಆಮೇಲೆ ಕುಂಕುಮ, ಸೇವಂತಿಗೆ ಹೂ, ಊದುಬತ್ತಿ. ನಾನು ಹಾಲ್‌ನಲ್ಲೇ ಇದ್ದೆ. ಕಂಡೆನೋ ಇಲ್ಲವೋ ಹೇಳಲಾರೆ. ಕಂಡಿದ್ದರೆ ತಡೆಯುತ್ತಿದ್ದೆನೆಂದು ಅಂದುಕೊಳ್ಳುವುದು ನನಗೆ ಅನುಕೂಲ.

ವಿಜಯದಶಮಿಯ ದಿನ ಚಿಕ್ಕಮ್ಮ ಊಟಕ್ಕೆ ಬಂದಿದ್ದಳು. ಅವಳ ಮುಂದೆಯೇ ಹೂ ಸರಿಸಿ ಯಂತ್ರ ಹಚ್ಚಿದೆ. ಬ್ಲಾಗಿನ ಜಾಗದಲ್ಲಿ ಒಂದೇ ಸಾಲು ಬಂತು: ಕೋಷ್ಟಕ ಕೆಟ್ಟಿದೆ, ತೆರೆಯಲಾಗದು. ಅಮ್ಮ ಬಾಗಿಲಲ್ಲಿ ಸೆರಗು ಹಿಡಿದು ನಿಂತಳು. “ನಾನು ದೀಪ ಆರಿಸಿದ ಹಾಗೆ ಆರಿಸಿದೆ ಅಷ್ಟೆ...” ಗೆಳೆಯನಿಗೆ ಫೋನ್ ಮಾಡಿದೆ. ಅವನು ಗಾಬರಿಯಾಗಲಿಲ್ಲ. “ರಿಪೇರಿ ಆಗತೈತ್ರಿ. ಒಂದ ಕಮಾಂಡ್ ಐತಿ. ಮಾಡಿದ ಮ್ಯಾಲೆ ಒಳಗಿಂದೆಲ್ಲ ಸರಿ ಬಂದೈತೇನು, ಒಂದೊಂದು ತಗದು ನೋಡ್ರಿ.”

ಅವನ ದನಿ ರಿಸೀವರಿನಿಂದ ಆಚೆಗೆ ಬರುತ್ತಿರಲಿಲ್ಲ. ಆದರೂ ಆಪರೇಟರ್ ಆಗಿದ್ದ ಚಿಕ್ಕಮ್ಮನ ಕಿವಿಗೆ ಎಲ್ಲ ಕೇಳಿಸಿತ್ತು.

“ಒಂದೊಂದು ತೆಗೆದು ಯಾರು ನೋಡ್ತಾರೆ?”

“ನಾನೇ ಚಿಕ್ಕಮ್ಮ. ಅಕ್ಷರ ಸರಿಯಾಗಿದೆಯಾ ಅಂತ.”

“ಮುಂಚೇನೂ ನೋಡಿದ್ಯಾ?”

“ಅಕ್ಷರ ಮಾತ್ರ ನೋಡಿದೆ.”

ಬಯ್ಯುತ್ತಾಳೆ ಎಂದುಕೊಂಡೆ. ಅವಳು ನಕ್ಕಳು. “ನಾವೂ ಹಾಗೇ ಅಂತಿದ್ವಿ. ಸೂಪರ್‌ವೈಸರ್ ಬಂದು ಯಾಕಮ್ಮಾ ಇನ್ನೂ ಕಿವಿಗೆ ಹಾಕ್ಕೊಂಡಿದೀಯ ಅಂದ್ರೆ, ಲೈನ್ ಕ್ಲಿಯರ್ ಇದೆಯಾ ನೋಡ್ದೆ ಸಾರ್, ಅಷ್ಟೆ, ಅಂತ.”

ಸಂಜೆ ಅವಳನ್ನು ಬಸ್ ನಿಲ್ದಾಣದವರೆಗೆ ಬಿಡಲು ಹೋದೆ. ದಾರಿಯಲ್ಲಿ ಲಾರಿ, ಆಟೋಗಳ ಮೂತಿಗೆ ಕಟ್ಟಿದ ಬಾಳೆಕಂದುಗಳು ಬಾಡಿ ಜೋತುಬಿದ್ದಿದ್ದವು. ಚಿಕ್ಕಮ್ಮ, ಅರ್ಧಕ್ಕೆ ಬಿಟ್ಟಿದ್ದ ಮಾತು ಮುಂದುವರಿಸುವವಳಂತೆ, “ಆ ಹುಡುಗಿ ಆಮೇಲೆ ಒಂದು ಸಲಾನೂ ಬುಕ್ ಮಾಡ್ಲಿಲ್ಲ ಕಣೇ. ಡ್ಯೂಟಿ ಬದಲಾಯಿಸ್ಕೊಂಡು ಕಾದೆ,” ಎಂದಳು.

ಬಸ್ಸು ತಿರುವಿನಲ್ಲಿ ಕಾಣಿಸಿತು. ನನಗೆ ಎಲ್ಲ ಗೊತ್ತಿತ್ತು. ಹುಡುಗಿ ಕೇಳಿದ ಪ್ರಶ್ನೆ, ಆ ಕಡೆಯಿಂದ ಬಾರದ ಉತ್ತರ. ಆದರೆ ಗೊತ್ತೆಂದು ಒಪ್ಪಿದರೆ ಅಕ್ಷರ ಮಾತ್ರ ನೋಡಿದ್ದು ಸುಳ್ಳಾಗುತ್ತದೆ.

“ಯಾವ ಹುಡುಗಿ ಚಿಕ್ಕಮ್ಮ?”

ಅವಳು ನನ್ನ ಮುಖ ನೋಡಿದಳು. “ಯಾರೂ ಇಲ್ಲ ಬಿಡು,” ಎಂದು ಬಸ್ಸು ಹತ್ತಿದಳು.

ಮನೆಗೆ ಮರಳಿ ಕಮಾಂಡ್ ಕೊಟ್ಟ ಕ್ಷಣದಲ್ಲಿ ಕೋಷ್ಟಕ ಸರಿಯಾಯಿತು. ಎಲ್ಲ ಬಂದಿತ್ತು, ಮೊದಲ ದಿನದ ಪ್ರಶ್ನೆ ಚಿಹ್ನೆಗಳ ಪುಟವೂ. ಪ್ರತಿಯನ್ನೂ ತೆಗೆದಿಟ್ಟೆ. ಒಂದನ್ನೂ ಓದಲಿಲ್ಲ, ಓದದೇ ಇರುವುದರಿಂದ ಈಗ ಯಾರಿಗೂ ಉಪಯೋಗವಿರಲಿಲ್ಲ. ಚಿಕ್ಕಮ್ಮನಿಗೆ ಫೋನ್ ಮಾಡಿ ಹೇಳಿದಾಗ “ಹೌದಾ, ಇರ್ಲಿ ಬಿಡು,” ಎಂದವಳು ಫೋನ್ ಅಮ್ಮನಿಗೆ ಕೊಡು ಎಂದಳು. ಮಂಗಳವಾರಗಳು ನಿಂತವು. ಮೊಣಕಾಲು ನೋವು, ಬಸ್ಸಿನಲ್ಲಿ ನೂಕುನುಗ್ಗಲು ಎಂದು ಅಮ್ಮ ಕಾರಣ ಹೇಳುತ್ತಿದ್ದಳು. ಸ್ವಿಚ್ ಆರಿಸಿದ್ದರಿಂದಲೇ ತಂಗಿ ಮುನಿಸಿಕೊಂಡಳೆಂದು ಒಳಗೊಳಗೇ ಕೊರಗುತ್ತಲೂ ಇದ್ದಳು. ಅಲ್ಲಮ್ಮ ಎಂದು ಹೇಳಲು ನಾನು ಕಾರಣ ಹೇಳಬೇಕಾಗುತ್ತಿತ್ತು.

ಹೊಟ್ಟೇಲಿ ಇಟ್ಕೊಂಡು ಸಾಕಾಗಿದೆ ಎಂದಿದ್ದಳು ಚಿಕ್ಕಮ್ಮ. ನಾನು ಅವಳಿಗೆ ಇನ್ನೊಂದು ಹೊಟ್ಟೆ ಮಾಡಿಕೊಟ್ಟು, ಗಟ್ಟಿಯಾಗಿ ಬೀಗ ಹಾಕಿದೆ. ಅವಳಿಗೆ ಬೇಕಿದ್ದದ್ದು “ಕೇಳಿಸಿಕೊಂಡೆ” ಎನ್ನುವ ಒಬ್ಬರು. ಇದು ನಾನು ಈಚೆಗೆ ಕಟ್ಟಿಕೊಂಡ ಅರ್ಥವೂ ಇರಬಹುದು, ತುಂಬ ಅಚ್ಚುಕಟ್ಟಾಗಿದೆ.

ಒಂದೆರಡು ವರ್ಷದ ಮೇಲೆ ಧೈರ್ಯ ಮಾಡಿ ಫೋನಿನಲ್ಲಿ ಕೇಳಿದೆ. “ಚಿಕ್ಕಮ್ಮ, ಆ ಹುಡುಗಿ ವಿಷಯ ಅವತ್ತು ಹೇಳ್ತಿದ್ದೆಯಲ್ಲ...”

“ಯಾವ ಹುಡುಗಿ?” ಎಂದಳು.

ಹಿಂದೆ ಟಿ.ವಿ. ಜೋರಾಗಿತ್ತು. ಮರೆತೇ ಹೋಗಿರಬಹುದು, ವಯಸ್ಸಾಗಿತ್ತು. ಆದರೆ ಆ ದನಿ ಸಪಾಟಾಗಿತ್ತು, ಸ್ಪಷ್ಟವಾಗಿತ್ತು. ಮೊಹರು ತಾಳೆ ನೋಡಿದ ದಿನ ಕೇಳಿದ್ದ ದನಿ. ನಾನು ಅಡುಗೆ ಏನೆಂದು ಕೇಳಿದೆ. ಹುರುಳಿಕಾಯಿ ಪಲ್ಯ ಎಂದಳು.