ಜಲ್ಲಿ ಅಲ್ಲ, ಜೆಲ್ಲಿ

ಮೊನ್ನೆ ಅಮೆರಿಕಾದ ಶಾಮ್‌ಬರ್ಗಿನಲ್ಲಿರುವ ಮಗಳ ಮನೆಯಲ್ಲಿ ಮೊಮ್ಮಗಳು ಕೆಂಪು ಜೆಲ್ಲಿ ಪುಡಿಯ ಪೊಟ್ಟಣ ಹರಿದು ಬಿಸಿನೀರಿಗೆ ಸುರಿದಳು. ಸ್ಟ್ರಾಬೆರಿಯ ಘಮದಡಿಯಿಂದ ಇನ್ನೊಂದು ವಾಸನೆ ಎದ್ದಿತು, ಬೇಯಿಸಿದ ಚರ್ಮದ್ದು. ಎಷ್ಟೋ ವರ್ಷದ ಹಿಂದೆ ಗ್ಲೆಂಡೇಲ್ ಹೈಟ್ಸ್‌ನಲ್ಲಿ ನಮ್ಮ ಪಕ್ಕದ ಅಪಾರ್ಟ್‌ಮೆಂಟಿನಲ್ಲಿದ್ದ ವಯಸ್ಸಾದ ಅಮ್ಮ ನೆನಪಾದರು...

ಧಾರವಾಡದ ಕಡೆಯವರು. ಮಗ ಸೊಸೆ ಕೆಲಸಕ್ಕೆ ಹೋದ ಮೇಲೆ ಮನೆಯಲ್ಲಿ ಒಬ್ಬರೇ. ಅಂಗಡಿಯಿಂದ ಏನೇ ಬಂದರೂ ಪೊಟ್ಟಣ ಹಿಡಿದು ನಮ್ಮ ಬಾಗಿಲು ತಟ್ಟುತ್ತಿದ್ದರು. ಹಿಂದಿನ ಸಣ್ಣಕ್ಷರದ ಇಂಗ್ಲಿಷನ್ನು ನಾನು ಗಟ್ಟಿಯಾಗಿ ಓದಿ ಕನ್ನಡದಲ್ಲಿ ಹೇಳಬೇಕು. ಮೊಟ್ಟೆ, ಮಾಂಸ ಇಲ್ಲವೆಂದರೆ ಮಾತ್ರ ಅವರು ಮುಟ್ಟುವುದು. "ನನ್ನ ಮಗಗ ಬರೇ ಅವಸರ. ನೀ ಓದೋ ತಮ್ಮಾ" ಎನ್ನುತ್ತಿದ್ದರು. ಹೈಸ್ಕೂಲು ದಾಟದ ನನ್ನ ಮೇಲೆ ಅಷ್ಟು ನಂಬಿಕೆ.

ಒಮ್ಮೆ ನನ್ನ ಕೆಲಸ ಏನೆಂದು ಕೇಳಿದರು. ಜೆಲ್ಲಿ ಮಾಡ್ತೀನಿ ಎಂದೆ.

"ಜಲ್ಲಿ ಒಡೀಲಿಕ್ಕೆ ಅಮೆರಿಕಾಕ್ಕ ಬರಬೇಕಿತ್ತೇನೋ!" ಎಂದು ಬಿದ್ದು ಬಿದ್ದು ನಕ್ಕರು.

"ಜಲ್ಲಿ ಅಲ್ಲಮ್ಮಾ, ಜೆಲ್ಲಿ. ತಿನ್ನೋದು."

ತಿನ್ನುವ ಜೆಲ್ಲಿಯಾಗಿರಲಿಲ್ಲ ಅದು. ಇಟಾಸ್ಕಾದ ಆಚೆ ಒಂದು ಗೋದಾಮಿನಲ್ಲಿ ಬೇಟೆಯ ಗುಂಡುಗಳನ್ನು ಪರೀಕ್ಷಿಸುತ್ತಿದ್ದರು. ಹಂದಿಯ ಚರ್ಮದಿಂದ ತೆಗೆದ ಪುಡಿಯನ್ನು ನಾನು ಬಿಸಿನೀರಲ್ಲಿ ಕಲಸಿ, ಅಚ್ಚಿಗೆ ಹೊಯ್ದು, ಫ್ರಿಜ್ಜಿನಲ್ಲಿ ಗಟ್ಟಿ ಮಾಡಬೇಕು. ಜಿಂಕೆಯ ಮೈಗೆ ಬದಲಾಗಿ ಆ ಗಡ್ಡೆ. ಗುಂಡು ಹೊಕ್ಕಾಗ ಗಡ್ಡೆ ಉಬ್ಬಿ, ಮೇಜಿನಿಂದ ಎಗರಿ, ಜೀವವಿದ್ದಂತೆ ನಡುಗುತ್ತಿತ್ತು. ಬಾಸು ಚಪ್ಪಾಳೆ ಹೊಡೆಯುತ್ತಿದ್ದ. ಗುಂಡು ಎಷ್ಟು ಇಂಚು ಒಳಗೆ ಹೋಯಿತೆಂದು ಅಳೆದು, ಚಾಕುವಿನಿಂದ ಸೀಳಿ, ಬೆರಳು ತೂರಿಸಿ ನಾನು ಅದನ್ನು ಹೊರಗೆಳೆಯುತ್ತಿದ್ದೆ. ಅದರ ಮೂತಿ ಅಣಬೆಯಂತೆ ಅರಳಿರುತ್ತಿತ್ತು. ಚೆನ್ನಾಗಿ ಅರಳಿದಷ್ಟೂ ಒಳಗಿನ ಮಾಂಸವನ್ನು ಹೆಚ್ಚು ಹರಿದುಹಾಕುತ್ತದೆ, ಅದೇ ಒಳ್ಳೆಯ ಗುಂಡು. ಎಷ್ಟು ತೊಳೆದರೂ ಕೈಯ ಅಂಟು ಹೋಗುತ್ತಿರಲಿಲ್ಲ. ಅದೇ ಕೈಯಲ್ಲಿ ಅಮ್ಮ ಕೊಟ್ಟ ಹೋಳಿಗೆ ತಿಂದೆ... ಥೂ.

ಆಮೇಲೆ ಅಮ್ಮ ಆಸ್ಪತ್ರೆ ಸೇರಿದರು. ಗಂಟಲಲ್ಲಿ ಏನೂ ಇಳಿಯುತ್ತಿರಲಿಲ್ಲ. ಒಂದು ಮಧ್ಯಾಹ್ನ ನಾನು ಪಕ್ಕದಲ್ಲಿ ಕುಳಿತಿದ್ದಾಗ ನರ್ಸ್ ಕೆಂಪು ಜೆಲ್ಲಿಯ ಕಪ್ ಇಟ್ಟು ಹೋದಳು. ಅಮ್ಮ ಅದನ್ನು ನನ್ನ ಕಡೆ ತಳ್ಳಿದರು.

"ಓದೋ ತಮ್ಮಾ."

ಮುಚ್ಚಳದ ಮೇಲೆ ಜೆಲಟಿನ್ ಎಂದಿತ್ತು. ದಿನವೂ ನಾನು ಮೂಟೆಯಿಂದ ಸುರಿಯುತ್ತಿದ್ದ ಪುಡಿಯ ಹೆಸರೇ.

"ನಡೀತದೆ ಅಮ್ಮಾ" ಎಂದೆ.

"ನಿಮ್ಮ ಫ್ಯಾಕ್ಟರಿದೇ ಇರಬೇಕು!" ಎಂದು ಕಣ್ಣರಳಿಸಿ ಬಾಯಿ ತೆರೆದರು. ಚಮಚದಿಂದ ನಾನೇ ತಿನ್ನಿಸಿದೆ. ಕಪ್ ಖಾಲಿಯಾಯಿತು. ಹಸಿದವರಿಗೆ ಕರುಣೆ ತೋರಿಸಿದೆ ಎಂದು ಎಷ್ಟೋ ವರ್ಷ ನನಗೆ ನಾನೇ ಹೇಳಿಕೊಂಡೆ. ಅಲ್ಲ. ಅದು ಏನೆಂದು ಹೇಳಿದ್ದರೆ ನನ್ನ ಕೆಲಸವನ್ನೂ ಹೇಳಬೇಕಾಗುತ್ತಿತ್ತು. ಆ ವಾರವೇ ಅವರು ತೀರಿಕೊಂಡರು.

"ತಾತ, ವಾಂಟ್ ಸಮ್?" ಎಂದಳು ಮೊಮ್ಮಗಳು. ನಾನು ಹರಿದ ಪೊಟ್ಟಣವನ್ನು ಎತ್ತಿಕೊಂಡು, ಕನ್ನಡಕ ಹಾಕಿಕೊಂಡು, ಹಿಂದಿನ ಸಣ್ಣಕ್ಷರಗಳನ್ನು ಗಟ್ಟಿಯಾಗಿ ಓದಿದೆ. ಒಂದನ್ನೂ ಬಿಡದೆ ಕನ್ನಡದಲ್ಲೂ ಹೇಳಿದೆ. ಹುಡುಗಿ ಬೆಪ್ಪಾಗಿ ನೋಡುತ್ತಿದ್ದಳು. ಕೇಳಬೇಕಾಗಿದ್ದವರು ಇರಲಿಲ್ಲ...