ದಸ್ತಗೀರ ನನ್ನ ಹತ್ತಿರ ಸಾಲ ಕೇಳಲಿಲ್ಲ

ದಸ್ತಗೀರ ಏನು ಸಿಕ್ಕರೂ ಅದರ ಮೇಲೆ ಪಂಥ ಕಟ್ಟುತ್ತಿದ್ದ. ಗೋಲುಕಂಬದ ಮೇಲೆ ಎರಡು ಕಾಗೆ ಕೂತಿದ್ದರೆ ಮೊದಲು ಹಾರುವುದು ಯಾವುದು, ಖಾನಾಪುರದ ಬಸ್ಸಿನಿಂದ ಮೊದಲು ಇಳಿಯುವುದು ಹೆಂಗಸೋ ಗಂಡಸೋ, ನಮ್ಮ ಕೋಚ್ ಸರ್ ಸೀಟಿ ಊದುವ ಮೊದಲು ಮೂಗು ಒರೆಸಿಕೊಳ್ಳುತ್ತಾರೋ ಇಲ್ಲವೋ. "ಹಚ್ಚತಿಯೇನ್ಲೇ?" ಎಂದು ಕೇಳಿ, ಉತ್ತರಕ್ಕೆ ಕಾಯುವಾಗ ಎಡಗಾಲಿನ ಹೆಬ್ಬೆರಳಿನಿಂದ ಕೆಂಪು ಮಣ್ಣನ್ನು ಸಣ್ಣಗೆ ಕೆದರುತ್ತಿದ್ದ. ಆ ಕಾಲನ್ನು ನಾನು ಎಷ್ಟು ದಿಟ್ಟಿಸಿದ್ದೇನೆಂದರೆ, ಇವತ್ತು ಅವನ ಮುಖ ನೆನಪಿಸಿಕೊಳ್ಳಲು ಕೂತರೂ ಮೊದಲು ಬರುವುದು ಕಾಲು. ಮುಖಕ್ಕೆ ತಂಡದ ಫೋಟೊ ನೋಡಬೇಕು. ಫೋಟೊದಲ್ಲಿ ಅವನು ನಡುವೆ ಕೂತಿದ್ದಾನೆ. ನಾನು ತುದಿಯಲ್ಲಿ ನಿಂತಿದ್ದೇನೆ, ಒಂದು ಭುಜ ಚೌಕಟ್ಟಿನ ಆಚೆ ಉಳಿದಿದೆ.

ನಾನೂ ಎಡಗಾಲಿನವನೇ. ಬೆಳಗಾವಿಯ ಕ್ಯಾಂಪ್ ಮೈದಾನದಲ್ಲಿ ಇದನ್ನು ಯಾರಾದರೂ ನೆನಪಿಟ್ಟಿದ್ದರೆ ನನಗೆ ಆಶ್ಚರ್ಯ. ಒಂದು ಫುಟ್‌ಬಾಲ್ ತಂಡಕ್ಕೆ ಎಡಬದಿಯಲ್ಲಿ ಓಡುವವನು ಒಬ್ಬ ಸಾಕು. ಅವನು ಆಡುತ್ತಿದ್ದ, ನಾನು ಬೆಂಚಿನ ಮೇಲೆ ಕೂತು, ಅವನ ಕಾಲು ಉಳುಕಲಿ ಎಂದು ಕಾಯುತ್ತಿದ್ದೆ. ಉಳುಕಲಿಲ್ಲ. ಆಟೋ ನಗರದಲ್ಲಿ ಅವನ ಅಣ್ಣ ರಫೀಕ್ ಭಾಯಿಯದು ರೇಡಿಯೇಟರ್ ರಿಪೇರಿ ಮಾಡುವ ವರ್ಕ್‌ಶಾಪ್. ಬೆಳಗ್ಗೆಯೆಲ್ಲ ಅಲ್ಲಿ ಬೆಸುಗೆ ಹಾಕಿ, ಕಣ್ಣು ಕೆಂಪು ಮಾಡಿಕೊಂಡು ಬಂದರೂ, ಚೆಂಡು ತನ್ನ ಹತ್ತಿರ ಬರುವ ಮೊದಲೇ ಅದು ಹೋಗಬೇಕಾದ ಜಾಗ ಅವನಿಗೆ ಗೊತ್ತಿರುತ್ತಿತ್ತು. ತಡೆಯಲು ಬಂದವನು ಬೇರೆ ಕಡೆ ಓಡಿ, ತಾನು ಅತ್ತ ಯಾಕೆ ಓಡಿದೆ ಎಂದು ಸೊಂಟದ ಮೇಲೆ ಕೈಯಿಟ್ಟು ಯೋಚಿಸುತ್ತ ನಿಲ್ಲುತ್ತಿದ್ದ.

ಅವನ ಅಂಗಿಯ ಹನ್ನೊಂದನ್ನು ಮಟಕಾ ಆಡುವವರೂ ನಂಬಿದ್ದರು. ಅವನು ಗೋಲು ಹೊಡೆದ ದಿನ ಚಹಾದಂಗಡಿಗಳಲ್ಲಿ ಅದೇ ನಂಬರಿಗೆ ದುಡ್ಡು ಬೀಳುತ್ತಿತ್ತು. ನಮ್ಮ ಅಂಗಿಗಳಿಗೆ ನಂಬರು ಹೊಲಿಯುತ್ತಿದ್ದ ಟೇಲರ್ ಶಿಂಧೆ ಮಾಮಾ ಒಮ್ಮೆ ನನ್ನ ಹದಿನಾರನ್ನು ಹೊಲಿಯುತ್ತ, ತುಟಿಯಲ್ಲಿ ಸೂಜಿ ಕಚ್ಚಿಕೊಂಡೇ ಹೇಳಿದರು: "ನಿಂದು ಭಾಳ ಚಲೋ ನಂಬರ ನೋಡ್ ವಿಠ್ಯಾ. ಇದರ ಮ್ಯಾಲ ಯಾರೂ ಹಾಳಾಗಂಗಿಲ್ಲ." ಅಂಗಡಿಯಲ್ಲಿದ್ದವರು ನಕ್ಕರು. ನಾನೂ ನಕ್ಕೆ.

ಗೋವಾದ ಒಂದು ಕ್ಲಬ್ಬಿನಿಂದ ಇಬ್ಬರಿಗೂ ಕರೆ ಬಂತು. ತಿಂಗಳ ಸಂಬಳ, ಇರಲು ಕೋಣೆ, ಆಟವೇ ಉದ್ಯೋಗ. ಅವರಿಗೆ ಬೇಕಾದದ್ದು ಎಡಗಾಲಿನ ಒಬ್ಬ. ಕಣಕುಂಬಿ ದಾರಿಯ ಬಸ್ಸಿನಲ್ಲಿ ಹೋದೆವು. ಘಾಟಿನ ತಿರುವುಗಳಲ್ಲಿ ನಾನು ಕಿಟಕಿಗೆ ತಲೆ ಆನಿಸಿದ್ದಾಗ ಅವನು ಪಂಥಕ್ಕೆ ಕರೆದ.

"ಪೈಜ್ ಹಚ್ಚೂಣೇನು? ನಿನ್ನ ತಗೋತಾರ ಅಂತೀನಿ ನಾ."

"ತಲಿ ಕೆಟ್ಟೈತೇನ್ ನಿಂದು?"

"ನಿನ್ನ ತಗೊಂಡ್ರ ನೀ ನನಗ ಒಂದ್ ಹೊತ್ತಿನ ಊಟ ಹಾಕ್ಸು. ನನ್ನ ತಗೊಂಡ್ರ ಈ ಬೂಟು ನಿಂದು."

ಬೂಟು ಹೊಸವು, ರಫೀಕ್ ಭಾಯಿ ಮುಂಬೈಯಿಂದ ತರಿಸಿಕೊಟ್ಟಿದ್ದವು. ಸಂಜೆ ಅವನನ್ನೇ ತೆಗೆದುಕೊಂಡರು. ಅವನು ಕ್ಲಬ್ಬಿನ ಮೆಟ್ಟಿಲ ಮೇಲೆ ಕೂತು ಲೇಸು ಬಿಚ್ಚಿದ, ಬೆವರಿನಿಂದ ಇನ್ನೂ ಬಿಸಿಯಾಗಿದ್ದ ಬೂಟುಗಳನ್ನು ನನ್ನ ಕೈಗಿಟ್ಟ, ಬರಿಗಾಲಿನಲ್ಲಿ ಕರಾರಿಗೆ ಸಹಿ ಹಾಕಲು ಒಳಗೆ ಹೋದ. ನಾನೊಬ್ಬನೇ ತಿರುಗಿ ಬಂದೆ. ಬೂಟು ನನಗೆ ಒಂದು ನಂಬರು ಸಣ್ಣವು.

ಇದನ್ನು ನಾನು ಹೀಗೆಯೇ ಹೇಳುತ್ತ ಬಂದಿದ್ದೇನೆ. ಈಚೆಗೆ ಆ ಬರಿಗಾಲಿನ ಸಹಿ ತೊಂದರೆ ಕೊಡುತ್ತಿದೆ. ಅದು ಬೇಕಾದ್ದಕ್ಕಿಂತ ಚೆನ್ನಾಗಿದೆ. ಅವನ ಚೀಲದಲ್ಲಿ ಚಪ್ಪಲಿ ಇದ್ದಿರಲೇಬೇಕು. ಪಂಥಕ್ಕೆ ಕರೆದವನು ನಾನೇ ಇರಬಹುದು. ಸೋತರೂ ಏನಾದರೂ ಕೈಗೆ ಬರಲಿ ಎಂದು ನನ್ನ ವಿರುದ್ಧ ನಾನೇ ಹಚ್ಚುವವನು ನಾನು. ಬೂಟುಗಳಂತೂ ಇವೆ, ಅಟ್ಟದ ಮೇಲೆ. ಅಷ್ಟು ಖಾತರಿ.

ನಾನು ಖಾನಾಪುರದ ಸರಕಾರಿ ಕಚೇರಿಯೊಂದರಲ್ಲಿ ಗುಮಾಸ್ತನಾದೆ. ಮದುವೆಯಾಯಿತು. ಗೋವಾದಿಂದ ಊರಿಗೆ ಬರುವಾಗ ದಸ್ತಗೀರ ತನ್ನ ಹೊಸ ಬೈಕನ್ನು ನಮ್ಮ ಮನೆಯ ಮುಂದೆ ನಿಲ್ಲಿಸುತ್ತಿದ್ದ. ಅವನು ಬಂದ ದಿನ ನನ್ನ ಹೆಂಡತಿ ಸುನಂದಾ ಬೇರೆಯದೇ ದನಿಯಲ್ಲಿ ನಗುತ್ತಿದ್ದಳು. ಅಡುಗೆಮನೆಯ ಬಾಗಿಲಿಗೆ ಒರಗಿ ಕೂತು, "ವೈನಿ, ಈ ರೊಟ್ಟಿ ಉಬ್ಬತೈತಿ ಅಂತ ನಂದು ಹತ್ತ ರೂಪಾಯಿ" ಎನ್ನುತ್ತಿದ್ದ. ಅವಳು ಬೇಕೆಂದೇ ರೊಟ್ಟಿಗೊಂದು ತೂತು ಬೀಳಿಸಿ ಹತ್ತು ರೂಪಾಯಿ ಗೆಲ್ಲುತ್ತಿದ್ದಳು. ನನ್ನಿಂದ ಅವಳು ಯಾವತ್ತೂ ಏನನ್ನೂ ಗೆಲ್ಲಲು ನೋಡಿರಲಿಲ್ಲ.

ಒಮ್ಮೆ ಅವನ ಮ್ಯಾಚು ನೋಡಲು ಮಡಗಾಂವಿಗೆ ಹೋದೆ. ಆ ದಿನ ಅವನು ಹೊಡೆದ ಗೋಲನ್ನು ನಾನು ವರ್ಣಿಸುವುದಿಲ್ಲ. ನೋಡಿದವರು ಬೇಕಾದಷ್ಟು ಜನ ಇದ್ದಾರೆ, ಅವರು ಹೇಳಲಿ. ಮ್ಯಾಚು ಮುಗಿದ ಮೇಲೆ ಸಂಬಳದ ಲಕೋಟೆ ಜೇಬಿನಲ್ಲಿಟ್ಟುಕೊಂಡು ನನ್ನನ್ನು ಒಂದು ಹೋಟೆಲಿಗೆ ಕರೆದೊಯ್ದ. ಒಳಗೆ ಸಾಲಾಗಿ ಜೂಜಿನ ಯಂತ್ರಗಳು. ಹಿಡಿಕೆ ಎಳೆದರೆ ಹಣ್ಣಿನ ಚಿತ್ರಗಳು ಗಿರಗಿರ ತಿರುಗಿ ನಿಲ್ಲುತ್ತಿದ್ದವು. ಅವನ ತಂಡದವರು ಕೆಲವರು ಆಗಲೇ ಅಲ್ಲಿದ್ದರು, ಒಬ್ಬೊಬ್ಬರು ಒಂದೊಂದು ಯಂತ್ರದ ಮುಂದೆ. ಸ್ವಲ್ಪ ಹೊತ್ತಿನ ಹಿಂದೆ ಮೈದಾನದಲ್ಲಿ ಒಬ್ಬರ ಹೆಸರನ್ನೊಬ್ಬರು ಕೂಗುತ್ತಿದ್ದವರು ಈಗ ಪಕ್ಕದವನ ಕಡೆ ಕತ್ತು ಕೂಡ ತಿರುಗಿಸುತ್ತಿರಲಿಲ್ಲ. ಲಕೋಟೆ ತೆಳ್ಳಗಾಗುತ್ತ ಹೋಯಿತು. ನಾನು ಅವನ ಹಿಂದೆ ನಿಂತಿದ್ದೆ.

"ಸಾಕ್ ಮಾಡೊ. ಮನಿಗೆ ಏನ್ ಕಳಸ್ತಿ?" ಎಂದೆ.

"ಮೈದಾನದಾಗ ನನಗ ಎಲ್ಲಾ ಮೊದಲಽ ಗೊತ್ತಾಗತೈತಿ ವಿಠ್ಯಾ. ಚೆಂಡು ಎಲ್ಲಿ ಬರತೈತಿ, ಯಾರು ಎತ್ತಾಗ ಓಡ್ತಾರ. ಬ್ಯಾಸರ ಬರತೈತಿ ದೋಸ್ತ. ಇಲ್ಲಿ ಕುಂತ್ರ ಏನಂದ್ರ ಏನೂ ಗೊತ್ತಾಗಂಗಿಲ್ಲ." ಹಿಡಿಕೆ ಎಳೆದ. ಚಿತ್ರಗಳು ನಿಲ್ಲುವವರೆಗೆ ಉಸಿರು ಹಿಡಿದಿದ್ದ. ಆಮೇಲೆ ನನ್ನ ಕಡೆ ತಿರುಗಿ ಪ್ರೀತಿಯಿಂದ ಕೇಳಿದ: "ನೀ ಆಡೂವಾಗ ನಿನಗ ಹಿಂಗಽ ಅನಸ್ತಿತ್ತಲ್ಲ?"

ಚುಚ್ಚಲೆಂದು ಕೇಳಿದ್ದರೆ ಮರೆತುಬಿಡುತ್ತಿದ್ದೆ. ಅವನಿಗೆ ನಿಜಕ್ಕೂ ತಿಳಿದುಕೊಳ್ಳಬೇಕಾಗಿತ್ತು.

ಮುಂದಿನದು ಸಾಲ. ಮೊದಲು ಕ್ಲಬ್ಬಿನಿಂದ ಮುಂಗಡ, ಆಮೇಲೆ ಜೊತೆಯ ಆಟಗಾರರಿಂದ ಕೈಗಡ. ಅವರೂ ಅದೇ ಯಂತ್ರಗಳ ಮುಂದೆ ಕೂತವರು, ಹಾಗಾಗಿ ಒಬ್ಬನದನ್ನು ತೀರಿಸಲು ಇನ್ನೊಬ್ಬನ ಹತ್ತಿರ, ಆ ಇನ್ನೊಬ್ಬನದನ್ನು ತೀರಿಸಲು ಮತ್ತೊಬ್ಬನ ಹತ್ತಿರ. ಅಲ್ಲಿ ಬಾಗಿಲುಗಳು ಮುಚ್ಚಿದ ಮೇಲೆ ಬೆಳಗಾವಿಗೆ ಬಂದ. ಕೋಚ್ ಸರ್ ಕೊಟ್ಟರು. ಶಿಂಧೆ ಮಾಮಾ ಹೊಸ ಹೊಲಿಗೆ ಯಂತ್ರಕ್ಕೆಂದು ಇಟ್ಟುಕೊಂಡಿದ್ದನ್ನು ಕೊಟ್ಟರು. ಚಹಾದಂಗಡಿಯವರು ಕೊಟ್ಟರು. ಬೈಕು ಹೋಯಿತು.

ನನ್ನನ್ನು ಕೇಳಲಿಲ್ಲ.

ಮೊದಮೊದಲು ಹಗುರವಾಯಿತು. ಕೇಳಿದರೆ ಹೇಳಲೆಂದು ಒಂದು ಮಾತನ್ನು ಸಿದ್ಧಮಾಡಿ ಇಟ್ಟುಕೊಂಡಿದ್ದೆ: "ನನ್ನ ಹಂತ್ಯಾಕ ಇದ್ದಿದ್ರ ನಿನಗ ಇಲ್ಲ ಅಂತಿದ್ನೇನೊ?" ಸ್ನಾನ ಮಾಡುವಾಗ, ಕಚೇರಿಗೆ ನಡೆಯುವಾಗ ಅದನ್ನು ಹೇಳಿಕೊಂಡು ದನಿ ಸರಿಮಾಡಿಕೊಳ್ಳುತ್ತಿದ್ದೆ. ಮಾತು ಹಾಗೆಯೇ ಉಳಿಯಿತು. ಒಂದು ದಿನ ಬೆಳಗಾವಿಗೆ ಹೋದಾಗ ಶಿಂಧೆ ಮಾಮಾ ತಮ್ಮ ಸರದಿಯ ಕತೆ ಹೇಳಿದರು. ಅವನು ಅಂಗಡಿಗೆ ಬಂದು, ಏನೂ ಮಾತಾಡದೆ, ಮಧ್ಯಾಹ್ನವೆಲ್ಲ ಅಂಗಿಗಳಿಗೆ ಗುಂಡಿ ಹಚ್ಚುತ್ತ ಕೂತಿದ್ದನಂತೆ.

"ಕೇಳೂದಽ ಇಲ್ಲೋ ಅಂವಾ. ನಾನಽ ಕೇಳಿದ್ನಿ, ಎಷ್ಟ್ ಬೇಕಪಾ ಅಂತ." ಅದು ದುಡ್ಡು ಕಳೆದುಕೊಂಡವರ ದನಿಯಾಗಿರಲಿಲ್ಲ. ದೊಡ್ಡವರ ಮನೆಯ ಮದುವೆಗೆ ಹೋಗಿ ಬಂದವರ ದನಿ. "ನಿನ್ನ ಕಡೆ ಎಷ್ಟ್ ತಗೊಂಡಾನ?"

"ನನ್ನ ಕೇಳಿಲ್ರಿ."

"ನಿನ್ನ ಕೇಳಿಲ್ಲ?" ಕನ್ನಡಕದ ಮೇಲಿಂದ ನೋಡಿದರು. "ಸರಕಾರಿ ಪಗಾರದಾಂವನ್ನ ಬಿಟ್ಟು ನನ್ನಂಥಾವನ ಕಡೆ ಬಂದ್ನಲ್ಲೋ."

ಮರುದಿನ ಬ್ಯಾಂಕಿಗೆ ಹೋಗಿ ಹಣ ತೆಗೆದು ತಂದು ಅಲಮಾರಿಯಲ್ಲಿಟ್ಟೆ. ಅವನು ಕೇಳಬೇಕು, ನಾನು ಸ್ವಲ್ಪ ಹೊತ್ತು ಸುಮ್ಮನಿರಬೇಕು, ಆಮೇಲೆ ಕೊಡಬೇಕು. ಇಷ್ಟು ಬೇಕಾಗಿತ್ತು ನನಗೆ. ಸೀರೆಗಳ ನಡುವೆ ಅದನ್ನು ಕಂಡ ಸುನಂದಾ, "ಯಾರಿಗೆ ಅಂತ ಗೊತ್ತೈತಿ" ಎಂದಳು. "ಕೇಳಿದ್ರ ಕೊಡ್ರಿ. ಕೇಳಲಿಲ್ಲಂದ್ರ ನೀವಾಗಿ ಹೋಗಿ ಕೊಡಬ್ಯಾಡ್ರಿ, ಛಂದ ಕಾಣಂಗಿಲ್ಲ."

ಕೊನೆಯ ಸಲ ಅವನು ಬಸ್ಸಿನಲ್ಲಿ ಬಂದ. ಕ್ಲಬ್ಬು ಕರಾರು ಮುಂದುವರಿಸಿರಲಿಲ್ಲ. ಗಡ್ಡ ಬಿಟ್ಟಿದ್ದ, ಅದೂ ಅವನಿಗೆ ಒಪ್ಪುತ್ತಿತ್ತು. ಅಡುಗೆಮನೆಯ ಬಾಗಿಲಲ್ಲಿ ಎಂದಿನಂತೆ ಕೂತ. ಆದರೆ ಪಂಥಕ್ಕೆ ಕರೆಯಲಿಲ್ಲ. ಸುನಂದಾ ತವೆಯ ಮೇಲೆ ರೊಟ್ಟಿ ಹಾಕಿ, ತಾನಾಗಿಯೇ, "ಉಬ್ಬತೈತೋ ಇಲ್ಲೋ, ಹೇಳ್ರಿ ಭಾಯಿ" ಎಂದಳು.

"ಉಬ್ಬಲಿ ಬಿಡ್ರಿ ವೈನಿ" ಎಂದ.

ಉಂಡ, ಒಂದಿಷ್ಟು ಮಲಗಿದ, ಎದ್ದು ಹೊರಟ. ಅಲಮಾರಿಯ ಹಣವನ್ನು ಜೇಬಿಗಿಳಿಸಿ ನಾನೂ ಬಸ್ ನಿಲ್ದಾಣದವರೆಗೆ ಹೋದೆ. ದಾರಿಯುದ್ದಕ್ಕೂ ಕಾದೆ. ಅವನು ನನ್ನ ಪ್ರಮೋಶನ್ ಬಗ್ಗೆ ವಿಚಾರಿಸಿದ. ತಡೆಯಲಾಗಲಿಲ್ಲ.

"ಊರಿನವರನ್ನೆಲ್ಲಾ ಕೇಳ್ತಿ. ನನ್ನ ಯಾಕ ಕೇಳಂಗಿಲ್ಲ?"

ಅವನು ನಿಂತ. "ನಿಂದು ಚುಕ್ತಾ ಆಗೇತಲ್ಲೋ. ಬೂಟು ಕೊಟ್ಟೀನಲ್ಲ. ಚುಕ್ತಾ ಆದ ಕಡೆ ಮತ್ತ ತಗೋಬಾರದು, ನಸೀಬ ಕೆಡತೈತಿ."

"ಕೆಡಾಕ ಇನ್ನೇನ್ ಉಳದೈತಿ ನಿಂದು?"

"ಸಾಲ ಇಲ್ಲದ್ದು ಒಂದ್ ಮನಿ ಉಳದೈತಿ" ಎಂದ.

ಕೊನೆಯ ಈ ಮಾತನ್ನು ಅವನೇ ಆಡಿದನೋ, ವರ್ಷಗಳ ಮೇಲೆ ನಾನು ಅವನ ಬಾಯಿಗಿಟ್ಟೆನೋ, ಆಣೆ ಮಾಡಿ ಹೇಳಲಾರೆ. ಕಣಕುಂಬಿ ಕಡೆಯ ಬಸ್ಸು ಹತ್ತಿದ್ದು ಮಾತ್ರ ಹೌದು. ಹಣ ನನ್ನ ಜೇಬಿನಲ್ಲೇ ಮನೆಗೆ ಬಂತು.

ಆಮೇಲೆ ಅವನನ್ನು ಯಾರೂ ನೋಡಲಿಲ್ಲ. ಕೊಲ್ಲಿ ದೇಶದಲ್ಲಿದ್ದಾನೆ ಎಂದರು. ಚೆಕ್ಕಿನ ಕೇಸಿನಲ್ಲಿ ಹಿಂಡಲಗಾ ಜೈಲಿನಲ್ಲಿದ್ದಾನೆ ಎಂದೂ ಅಂದರು. ಅಲ್ಲಿ ಇರಲಿಲ್ಲ, ರಫೀಕ್ ಭಾಯಿ ಹೋಗಿ ವಿಚಾರಿಸಿದ್ದರು. ಶಿಂಧೆ ಮಾಮಾ ಮಾತ್ರ ಖಾತರಿಯಿಂದಿದ್ದರು: "ಬರ್ತಾನ. ನಂದು ಕೊಡೋದೈತಿ ಅವನಿಗೆ ಗೊತ್ತೈತಿ." ಅವರೆಲ್ಲರ ಹತ್ತಿರ ಬರಲು ಅವನಿಗೊಂದು ಕಾರಣ ಇತ್ತು. ನನ್ನ ಹತ್ತಿರ ಬರಲು ಏನಿತ್ತು?

ವರ್ಷವೊಂದು ಕಳೆದ ಮೇಲೆ ರಫೀಕ್ ಭಾಯಿ ವರ್ಕ್‌ಶಾಪಿನ ಹಿಂದಿನ ಜಾಗ ಮಾರಿ, ತಮ್ಮನ ಸಾಲದವರನ್ನೆಲ್ಲ ಶುಕ್ರವಾರ ನಮಾಜಿನ ನಂತರ ಬರಲು ಹೇಳಿದರು. ನನ್ನನ್ನು ಕರೆದಿರಲಿಲ್ಲ. ಹೋದೆ. ಹಳೆಯ ರೇಡಿಯೇಟರುಗಳ ನಡುವೆ ಒಂದು ಉದ್ದ ಬೆಂಚು. ಕೋಚ್ ಸರ್, ಶಿಂಧೆ ಮಾಮಾ, ಚಹಾದಂಗಡಿಯವರು, ಎಲ್ಲ ಒತ್ತಿಕೊಂಡು ಕೂತಿದ್ದರು. ನಾನೂ ತುದಿಯಲ್ಲಿ ಕೂತೆ. ಒಬ್ಬರು ಹೇಳಿದಂತೆ ಇನ್ನೊಬ್ಬರು: ತಮ್ಮ ಹತ್ತಿರ ಹೇಗೆ ಬಂದ, ಏನೂ ಕೇಳದೆ ಹೇಗೆ ಕೂತಿದ್ದ, ತಾವೇ ಹೇಗೆ ಕೊಟ್ಟರು. ರಫೀಕ್ ಭಾಯಿ ತಲೆ ತಗ್ಗಿಸಿ, ಅವರು ಹೇಳಿದಷ್ಟನ್ನು ಕೊಡುತ್ತಿದ್ದರು. ಯಾರನ್ನೂ ಚಹಾ ಬೇಕೇ ಎಂದು ಕೇಳಲಿಲ್ಲ. ಅವರದೇ ಗ್ಲಾಸು ಮೇಜಿನ ಮೇಲೆ ಮುಟ್ಟದೆ ಇತ್ತು.

"ನಿಮ್ಮದೆಷ್ಟರಿ?" ಎಂದು ನನ್ನನ್ನು ಕೇಳಿದರು.

ಒಂದು ಮೊತ್ತ ಹೇಳಿದ್ದರೆ ಯಾರೂ ಅನುಮಾನಪಡುತ್ತಿರಲಿಲ್ಲ. ನಾನೂ ಅವರಲ್ಲೊಬ್ಬನಾಗುತ್ತಿದ್ದೆ. ಅದಕ್ಕೆಂದೇ ಬಂದಿದ್ದೆನೋ ಏನೋ. ಬಾಯಿ ತೆರೆದಾಗ ಬಂದದ್ದು ಬೇರೆ.

"ನಂದು ಕೊಡೋದಿತ್ರಿ. ಕೊಟ್ಟಾನ."

ರಫೀಕ್ ಭಾಯಿ ಮುಖ ಎತ್ತಿದರು. "ದಸ್ತು ಕೊಟ್ಟಾನ?"

"ಅವತ್ತಿಂದು ಅವತ್ತಽ ಕೊಟ್ಟಾನ್ರಿ. ಕೈಯಾಗ ತಂದಿಟ್ಟ." ಅದು ಬೂಟು ಎಂದು ಹೇಳಲಿಲ್ಲ.

"ನಿನಗ ಕೊಟ್ನೇನೋ?" ಎಂದರು ಶಿಂಧೆ ಮಾಮಾ. ಬೆಂಚಿನ ಮೇಲಿದ್ದವರೆಲ್ಲ ನನ್ನ ಕಡೆ ತಿರುಗಿದ್ದರು. ಆ ನೋಟ ನನಗೆ ಚೆನ್ನಾಗಿ ಗೊತ್ತು. ಬೆಂಚಿನ ಮೇಲೆ ಕೂತು ಮೈದಾನ ನೋಡುವವನ ನೋಟ ಅದು.

ರಫೀಕ್ ಭಾಯಿ ಪಕ್ಕದ ಕುರ್ಚಿಯ ಮೇಲಿದ್ದ ಸಾಮಾನನ್ನು ಕೆಳಗಿಟ್ಟರು. "ಇಲ್ಲಿ ಬರ್ರಿ, ಕುಂದರ್ರಿ" ಎಂದು, ಕೆನೆ ಕಟ್ಟಿದ್ದ ತಮ್ಮ ಗ್ಲಾಸನ್ನು ನನ್ನ ಮುಂದೆ ಸರಿಸಿದರು. "ಕೊಡೂವಾಗ ಏನಂದಾ? ಹೇಳ್ರಿ."

ಚಹಾ ಆರಿಹೋಗಿತ್ತು. ಎಲ್ಲರೂ ಕಾಯುತ್ತಿದ್ದರು. ನಾನು ನಿಧಾನವಾಗಿ ಕುಡಿದೆ.