ಹೊತ್ತು ಮುಳುಗುವ ಮುಂಚಿನ ಊಟ

ಹಳೇಬೀಡಿನ ನಮ್ಮ ಬೀದಿಯಲ್ಲಿ ಆಗ ಜೈನರ ಮನೆಗಳು ಏಳೋ ಎಂಟೋ ಇದ್ದವು. ಎಪ್ಪತ್ತರ ದಶಕದ ಕೊನೆಯ ಒಂದು ಮಳೆಗಾಲದಲ್ಲಿ ಕೂಲಿ ಮಾಡುತ್ತಿದ್ದ ಹೆಂಗಸೊಬ್ಬಳ ಮನೆಯ ಮಣ್ಣಿನ ಗೋಡೆ ಕುಸಿದು, ಅವಳು ಮೂವರು ಮಕ್ಕಳೊಂದಿಗೆ ಬೀದಿಗೆ ಬಂದಳು. ಗಂಡ ಬಿಕ್ಕೋಡಿನ ಕಡೆ ಕಾಫಿ ತೋಟದಲ್ಲಿದ್ದ. ಮಳೆ ನಿಂತು ಅವನು ಬಂದು ಗೋಡೆ ಎಬ್ಬಿಸುವವರೆಗೆ ಅವರಿಗೆ ಬೇರೆ ನೆಲೆಯಿರಲಿಲ್ಲ. ಬಸದಿಯ ಪಕ್ಕದ ಛತ್ರದ ಜಗಲಿಯಲ್ಲಿ ಇರಲಿ, ಊಟ ನಮ್ಮ ಮನೆಗಳಿಂದ ಸರದಿಯ ಮೇಲೆ ಹೋಗಲಿ ಎಂದು ನಾವು ಹೆಂಗಸರೇ ತೀರ್ಮಾನಿಸಿದೆವು.

ಬಹಳ ಹುರುಪಿನಿಂದಲೇ ಮಾಡಿದೆವು. ಒಬ್ಬರ ಮನೆಯಿಂದ ಹುಗ್ಗಿ ಹೋದರೆ ಮರುದಿನದವರು ಪಾಯಸ ಮಾಡುತ್ತಿದ್ದರು. ಹೊತ್ತು ಮುಳುಗಿದ ಮೇಲೆ ನಾವು ಉಣ್ಣುವವರಲ್ಲ, ಒಲೆಯನ್ನೂ ಹಚ್ಚುವುದಿಲ್ಲ. ಮೋಡ ಮುಚ್ಚಿ ಸೂರ್ಯನೇ ಕಾಣದ ದಿನಗಳಲ್ಲಿ, ಎಲ್ಲಿ ತಪ್ಪಾಗುತ್ತದೋ ಎಂದು ಅವರಿಗೂ ನಾಲ್ಕೂವರೆಗೇ ಬಡಿಸಿ, ಪಾತ್ರೆ ತೊಳೆದು, ಬಸದಿಗೆ ಹೋಗಿ ಕೈ ಮುಗಿದು ಬರುತ್ತಿದ್ದೆವು. ಮನಸ್ಸಿಗೆ ಎಷ್ಟು ನೆಮ್ಮದಿ ಅಂತೀರಿ.

ವಾರ ಕಳೆದಿರಬೇಕು. ಅಂದು ನನ್ನ ಸರದಿ. ಪಾತ್ರೆ ತರಲು ಹೋದಾಗ, ಛತ್ರ ನೋಡಿಕೊಳ್ಳುತ್ತಿದ್ದ ಪಕ್ಕದ ಮನೆಯ ದೊಡ್ಡಮ್ಮ ಕಂಬದ ಹಿಂದಿನಿಂದ ಒಂದು ಬಟ್ಟೆಯ ಗಂಟು ಎತ್ತಿ ಹಿಡಿದಿದ್ದರು. ಒಳಗೆ ಎರಡು ರಾಗಿ ಮುದ್ದೆ.

"ನಾವು ಬಡಿಸೋದು ಸಾಲದೇನೇ? ಕದ್ದು ಬಚ್ಚಿಡ್ತೀಯಲ್ಲ. ಛತ್ರದಲ್ಲಿ ರಾತ್ರಿ ಊಟ ಇಡಬಾರದು ಅಂತ ಹೇಳಿರಲಿಲ್ವಾ?"

ಆ ಹೆಂಗಸು ಚಾಪೆ ಸುತ್ತತೊಡಗಿದಳು. "ಬೇಲೂರು ಬಸ್ ಸ್ಟ್ಯಾಂಡ್‌ನಾಗೆ ಮಲಿಕ್ಕಂತೀವಿ ಬಿಡಿ. ಅಲ್ಲಿ ಯಾರೂ ಹೊತ್ತು ನೋಡಾಕಿಲ್ಲ" ಎಂದಳು. ಕಿರಿಯ ಮಗುವಿಗೆ ಎರಡು ದಿನದಿಂದ ಜ್ವರ. ಆ ಮಳೆಯಲ್ಲಿ ಬಸ್ ಸ್ಟ್ಯಾಂಡಿನ ನೆಲ ಹೇಗಿರುತ್ತದೆಂದು ನನಗೆ ಗೊತ್ತಿತ್ತು.

"ಯಾಕಮ್ಮ ತೆಗೆದಿಟ್ಟೆ?" ಎಂದೆ.

"ನಾಕೂವರೆಗೆ ಉಂಡ್ರೆ ಎಂಟು ಗಂಟೆಗೆ ಮಕ್ಳಿಗೆ ಮತ್ತೆ ಹೊಟ್ಟೆ ಹಸಿತೈತೆ ಅಮ್ಮಾರೇ. ಹಸಿವು ನಿಮ್ಮ ಗಡಿಯಾರ ನೋಡ್ಕಂಡು ಬತ್ತೈತಾ?"

ನಮ್ಮ ಮಕ್ಕಳು ಹುಟ್ಟಿದಾಗಿನಿಂದ ಇದಕ್ಕೆ ಒಗ್ಗಿದವರು. ಈ ಮಕ್ಕಳಿಗೆ ನಾವು ಊಟದ ಜೊತೆ ನಮ್ಮ ವ್ರತವನ್ನೂ ಬಡಿಸುತ್ತಿದ್ದೆವು. ಇಷ್ಟು ಜನ ಹೆಂಗಸರಲ್ಲಿ ಒಬ್ಬರಿಗೂ ಅದು ತೋಚಿರಲಿಲ್ಲ.

ಮನೆಗೆ ಓಡಿ, ಜಪಮಾಲೆ ಹಿಡಿದು ಕೂತಿದ್ದ ಅತ್ತೆಗೆ ಹೇಳಿದೆ. ಬೈಗುಳಕ್ಕೆ ಸಿದ್ಧವಾಗಿಯೇ ಹೋಗಿದ್ದೆ. ಅವರು ಮಣಿ ನಿಲ್ಲಿಸಿ, "ಬೇಯಿಸಿ ಕೊಡೋದ್ಯಾಕೆ? ಹಿಟ್ಟು ಬೇಳೆ ಕೊಡು. ಹಿತ್ತಲಾಚೆ ಹಳೇ ಕೊಟ್ಟಿಗೆ ಖಾಲಿ ಬಿದ್ದಿದೆ, ಒಲೆ ಹೂಡಿಕೊಳ್ಳಲಿ. ಅವಳ ಒಲೆ, ಅವಳ ಹೊತ್ತು" ಎಂದರು.

"ಈರುಳ್ಳಿ ಬೆಳ್ಳುಳ್ಳಿ ಹಾಕಿದ್ರೆ?"

"ಹಾಕ್ಲಿ. ನೀನು ಉಣ್ಣೋಕೆ ಹೋಗಬೇಡ, ಅಷ್ಟೇ."

ಅಷ್ಟರಲ್ಲಿ ಅವಳು ಮಕ್ಕಳೊಂದಿಗೆ ರಸ್ತೆಗೆ ಬಂದು ಬೇಲೂರು ಬಸ್ಸಿಗೆ ಕಾಯುತ್ತಿದ್ದಳು. ಸೆರಗು ತಲೆಗೆ ಹೊದ್ದು ಓಡಿದೆ. ವಿಷಯ ಹೇಳಿದಾಗ ಅವಳು ಕೇಳಿದ್ದು ಒಂದೇ: "ಒಲೆ ಎಷ್ಟೊತ್ತಿಗೆ ಹಚ್ಬೋದು?"

"ನಿನಗೆ ಬೇಕಾದಾಗ."

ಅವಳು ಸಾಮಾನಿನ ಗಂಟನ್ನು ನನ್ನ ಕೈಗೆ ಕೊಟ್ಟು, ಜ್ವರದ ಮಗುವನ್ನು ಸೊಂಟಕ್ಕೆ ಏರಿಸಿಕೊಂಡು, ನನಗಿಂತ ಮುಂದೆ ನಡೆದಳು.

ದೊಡ್ಡಮ್ಮ ಅಂದು ನಮ್ಮ ಕಡೆ ತಿರುಗಿ ನೋಡಲಿಲ್ಲ. ಮರುದಿನ ಬೆಳಿಗ್ಗೆ ಒಂದು ಹೊರೆ ಒಣ ಸೌದೆ ತಾವೇ ಹೊತ್ತು ತಂದು, "ಹಸಿವಾಗುತ್ತೆ ಅಂತ ಬಾಯಿಬಿಟ್ಟು ಹೇಳೋಕೆ ಏನಾಗಿತ್ತಂತೆ ಅವಳಿಗೆ?" ಎಂದು ನನ್ನನ್ನೇ ಗದರಿಸಿ ಹೋದರು. ದೀಪಾವಳಿ ಕಳೆದು ಗಂಡ ಬಂದು ಗೋಡೆ ಎಬ್ಬಿಸುವವರೆಗೂ ಆ ಸಂಸಾರ ಅಲ್ಲೇ ಇತ್ತು. ಸರದಿ ತಪ್ಪಲಿಲ್ಲ, ಬೆಂದ ಅಡುಗೆಯ ಬದಲು ಹಿಟ್ಟು, ಬೇಳೆ, ಉಪ್ಪು ಹೋಗುತ್ತಿತ್ತು. ಎಲ್ಲಾ ಭಗವಂತನ ದಯೆ.

ಮೊದಲ ಸಂಜೆಯದ್ದೊಂದು ಹೇಳಿಬಿಡುತ್ತೇನೆ. ನಮ್ಮ ಅಡುಗೆಮನೆ ಬಾಗಿಲು ಹಾಕಿ ಆಗಿತ್ತು. ಕೊಟ್ಟಿಗೆ ಕಡೆಯಿಂದ ಬೆಳ್ಳುಳ್ಳಿ ಒಗ್ಗರಣೆಯ ಘಮ ಬಂತು. ನಮ್ಮ ಯಜಮಾನರು ಪೇಪರು ಕೆಳಗಿಳಿಸಿ, ಮೂಗರಳಿಸಿ ಕಿಟಕಿಯ ಕಡೆ ನೋಡಿದರು.

"ಮೂಗಿಗೆ ವ್ರತ ಇಲ್ಲ ಕಣೋ" ಎಂದರು ಅತ್ತೆ. "ಅದರಲ್ಲೇ ಹೊಟ್ಟೆ ತುಂಬಿಸಿಕೊಂಡು ಮಲಗು."